ದಸರಾ ಮುಗಿಯುವುದರೊಳಗೆ: ನಮ್ಮ ಭಾಗದ ತಂದೆ-ತಾಯಿಗಳಿಗೊಂದು ಬಹಿರಂಗ ಪತ್ರ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಲ್ಲ ತಂದೆ-ತಾಯಿಗಳಿಗೆ ಶರಣು ಶರಣಾರ್ಥಿ.

ಹೋದ ವಾರ ನಮ್ಮ ಮನೆಯ ಮೇಲಿನ ಕೋಣೆಯಿಂದ ಒಂದು ಟ್ರಂಕು ಕೆಳಗಿಳಿಯಿತು. ಎರಡು ವರ್ಷದಿಂದ ಆ ಕೋಣೆಯಲ್ಲಿದ್ದು ಕೆಎಎಸ್‌ಗೆ ಓದುತ್ತಿರುವ ಹುಡುಗಿಯ ಟ್ರಂಕು. ಕರೆದುಕೊಂಡು ಹೋಗಲು ಅವಳ ತಂದೆ ಊರಿಂದ ಬಂದಿದ್ದರು. ಸಜ್ಜನ ಮನುಷ್ಯ. ಬರುವಾಗ ನನಗೆಂದು ಹೊಲದ ತೊಗರಿಬೇಳೆ ತಂದಿದ್ದರು. ಚಹಾ ಕುಡಿಯುತ್ತ, ನನ್ನ ಮುಖ ನೋಡದೆ, "ಎರಡು ವರ್ಷ ಕೊಟ್ಟೀವ್ರಿ ಅಕ್ಕಾರ. ಊರಾಗ ಮಂದಿ ಕೇಳ್ಲಿಕತ್ತ್ಯಾರ. ಸಂಬಂಧ ಚಲೋ ಬಂದದ. ಅವ್ರಿಗಿ ಹುಡುಗಿ ನೌಕ್ರಿ ಮಾಡೋದು ಬ್ಯಾಡಂತ" ಎಂದರು. ಹುಡುಗಿ ಮೆಟ್ಟಿಲ ಮೇಲೆಯೇ ನಿಂತಿದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲವೇನೋ.

ದಸರಾ ತನಕವಾದರೂ ಇರಲಿ ಎಂದು ಕೈ ಮುಗಿದು ಕೇಳಿಕೊಂಡೆ. ಅವರು ಒಪ್ಪಿ ಹೋದರು. ಟ್ರಂಕು ಮೇಲೆ ಹೋಗಿಲ್ಲ, ನಮ್ಮ ಪಡಸಾಲೆಯಲ್ಲೇ ಇದೆ. ದಿನಾ ಅದನ್ನು ದಾಟಿಕೊಂಡೇ ಅಡುಗೆಮನೆಗೆ ಹೋಗುತ್ತೇನೆ.

ಆ ತಂದೆಗೆ ಹೇಳಬೇಕಾದದ್ದು ಆ ಹೊತ್ತಿಗೆ ನನ್ನ ಬಾಯಿಗೆ ಬರಲಿಲ್ಲ. ಅವರೊಬ್ಬರಿಗೇ ಕಾಗದ ಬರೆಯಬಹುದಿತ್ತು. ಆದರೆ ಇಂಥ ಟ್ರಂಕು ನಮ್ಮ ಕಲಬುರಗಿಯಲ್ಲಿ ಪ್ರತಿ ಓಣಿಯಲ್ಲೂ ಇಳಿಯುತ್ತದೆ. ಅದಕ್ಕೆ ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ಮೊದಲು ನಿಮಗೆ ಒಬ್ಬ ಹೆಣ್ಣುಮಗಳ ವಿಷಯ ಹೇಳಬೇಕು. ಸಿ.ಬಿ. ಮುತ್ತಮ್ಮ. ನಮ್ಮ ಕರ್ನಾಟಕದವರೇ. 1924ರ ಜನವರಿ 24ರಂದು ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದರು. ತಂದೆ ಅರಣ್ಯಾಧಿಕಾರಿ. ಮುತ್ತಮ್ಮನಿಗೆ ಒಂಬತ್ತು ವರ್ಷವಿದ್ದಾಗ ಅವರು ತೀರಿಕೊಂಡರು. ತಾಯಿ ನಾಲ್ಕೂ ಮಕ್ಕಳನ್ನು ಓದಿಸಿಯೇ ತೀರುವೆನೆಂದು ಹಟ ಹಿಡಿದರು. ಮಡಿಕೇರಿಯಲ್ಲಿ ಶಾಲೆ, ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಆಮೇಲೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ. ಸ್ವತಂತ್ರ ಭಾರತದಲ್ಲಿ ಆ ಪರೀಕ್ಷೆ ಗೆದ್ದ ಮೊದಲ ಹೆಣ್ಣುಮಗಳು ಅವರೇ. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು. ಆಗ ನಮ್ಮ ಕಲಬುರಗಿ ನಿಜಾಮನ ಆಳ್ವಿಕೆಯಿಂದ ಹೊರಬಂದು ಇನ್ನೂ ವರ್ಷದ ಆಚೀಚೆ. ನನ್ನ ಅವ್ವ ಆ ಕಾಲದಲ್ಲಿ ಶಾಲೆಯ ಮೆಟ್ಟಿಲೇ ಹತ್ತಿರಲಿಲ್ಲ.

ಪರೀಕ್ಷೆ ಗೆದ್ದಳು, ನೌಕರಿ ಸಿಕ್ಕಿತು ಅಂದುಕೊಳ್ಳಬೇಡಿ. ಸಂದರ್ಶನದಲ್ಲಿ ಆಯೋಗದ ಅಧ್ಯಕ್ಷರೇ ವಿದೇಶಾಂಗ ಸೇವೆ ನಿನಗೆ ಬೇಡ ಎಂದು ಮನವೊಲಿಸಲು ನೋಡಿದರು. ಅವರು ಜಗ್ಗಲಿಲ್ಲ. ಸೇರುವಾಗ ಒಂದು ಮುಚ್ಚಳಿಕೆ ಬರೆಸಿಕೊಂಡರು: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು. ಜೊತೆಗೆ ಸೇರಿದ ಗಂಡಸರಿಗೆ ಆ ಮುಚ್ಚಳಿಕೆ ಇರಲಿಲ್ಲ.

ನಾನು ಕಂದಾಯ ಇಲಾಖೆಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ, ಶಿರಸ್ತೇದಾರಳಾಗಿ ನಿವೃತ್ತಳಾದವಳು. ಮೂರು ದಶಕ ಕಡತಗಳ ನಡುವೆಯೇ ಕಳೆದಿದ್ದೇನೆ. ನಿಯಮದ ಭಾಷೆ ನನಗೆ ಗೊತ್ತು, ಅದು ಸುತ್ತಿ ಬಳಸಿ ಮಾತಾಡುತ್ತದೆ. ಆದರೆ 1961ರ ವಿದೇಶಾಂಗ ಸೇವೆಯ ನಿಯಮಗಳಲ್ಲಿ ಈ ಎರಡು ಸಾಲು ಓದಿದಾಗ ನನಗೆ ಮೈ ಉರಿಯಿತು. ನಡತೆ ಮತ್ತು ಶಿಸ್ತಿನ ನಿಯಮ 8(2) ಏನು ಹೇಳುತ್ತಿತ್ತೆಂದರೆ, ಸೇವೆಯಲ್ಲಿರುವ ಹೆಣ್ಣುಮಗಳು ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಯಾವಾಗಲಾದರೂ, ಅವಳ ಸಂಸಾರ ಕೆಲಸಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೇಳಬಹುದು. ಅಡ್ಡಿ ಆಗಿರಲೇಬೇಕೆಂದಿಲ್ಲ, ಆದೀತೆಂದು ಅನಿಸಿದರೆ ಸಾಕು. ನೇಮಕಾತಿಯ ನಿಯಮ 18(4) ಇನ್ನೂ ಚಿಕ್ಕದು: ಮದುವೆಯಾದ ಹೆಂಗಸಿಗೆ ಈ ಸೇವೆಗೆ ನೇಮಕವಾಗುವ ಹಕ್ಕು ಇಲ್ಲ. ಲಿಂಗದ ಕಾರಣಕ್ಕೆ ಸರ್ಕಾರಿ ಉದ್ಯೋಗದಲ್ಲಿ ಭೇದ ಮಾಡಬಾರದೆಂದು ಸಂವಿಧಾನದ 16ನೇ ವಿಧಿ ಹೇಳಿ ಹನ್ನೊಂದು ವರ್ಷ ಕಳೆದ ಮೇಲೆ ಬರೆದ ನಿಯಮಗಳಿವು.

ಐಎಎಸ್ ಕಥೆಯೂ ಇದೇ. 1951ರಲ್ಲಿ ಆ ಸೇವೆಗೆ ಆಯ್ಕೆಯಾದ ಮೊದಲ ಮಹಿಳೆ ಕೇರಳದ ಅನ್ನಾ ರಾಜಂ. ಮದುವೆಯಾದರೆ ಸೇವೆ ಮುಗಿಯುತ್ತದೆ ಎಂದು ಅವರ ನೇಮಕಾತಿ ಆದೇಶದಲ್ಲೇ ಬರೆದಿತ್ತು. ಆಯ್ಕೆ ಮಂಡಳಿ ಬೇರೆ ಸೇವೆ ತೆಗೆದುಕೋ ಎಂದಿತು. ಮದ್ರಾಸಿನಲ್ಲಿ ಸಚಿವಾಲಯದ ಹುದ್ದೆ ಕೊಡುತ್ತೇವೆ ಎಂದರು. ಜಿಲ್ಲೆಯ ಆಡಳಿತವೇ ಬೇಕು ಎಂದು ಕೂತು ಹೊಸೂರಿನ ಸಬ್ ಕಲೆಕ್ಟರ್ ಆದರು. ಕುದುರೆ ಸವಾರಿ, ಬಂದೂಕು ತರಬೇತಿ ಎಲ್ಲ ಗಂಡಸರ ಜೊತೆ ಮುಗಿಸಿದ್ದವರು.

ಮುತ್ತಮ್ಮ ಪ್ಯಾರಿಸ್, ರಂಗೂನ್, ಲಂಡನ್ ರಾಯಭಾರ ಕಚೇರಿಗಳಲ್ಲಿ ದುಡಿದರು. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಅವರಿಗಿಂತ ಮುಂಚೆ ವಿಜಯಲಕ್ಷ್ಮಿ ಪಂಡಿತ್ ಇದ್ದರಲ್ಲ ಎಂದು ಕೇಳುವವರಿದ್ದಾರೆ. ಪಂಡಿತ್ ಅವರನ್ನು ಸರ್ಕಾರ ನೇರವಾಗಿ ಕಳಿಸಿತ್ತು. ಪರೀಕ್ಷೆ ಬರೆದು, ಕೆಳಗಿನ ಮೆಟ್ಟಿಲಿಂದ ಒಂದೊಂದೇ ಹತ್ತಿ ರಾಯಭಾರಿಯಾದ ಮೊದಲ ಮಹಿಳೆ ಮುತ್ತಮ್ಮ. ಆಮೇಲೆ ಘಾನಾ ದೇಶಕ್ಕೆ ಹೋದರು. ಆದರೆ ವಿದೇಶಾಂಗ ಸೇವೆಯ ಅತ್ಯುನ್ನತ ಶ್ರೇಣಿಗೆ ಬಡ್ತಿ ಬಂದಾಗ ಅವರ ಹೆಸರು ಬಿಟ್ಟರು. ಅರ್ಹತೆ ಸಾಲದು ಎಂಬ ಕಾರಣ ಕೊಟ್ಟರು. ಅವರ ಕೈಕೆಳಗಿನವರು ಮೇಲೆ ಹೋದರು.

ನಮ್ಮ ಕಚೇರಿಗಳಲ್ಲಿ ಇಂಥದ್ದಾದರೆ ಹೆಣ್ಣುಮಕ್ಕಳು ಏನು ಮಾಡುತ್ತೇವೆ? ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಟಪಾಲು ತೆಗೆಯುತ್ತೇವೆ. ನಾನು ಹಾಗೇ ಮಾಡಿದ್ದೇನೆ. ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ತಾನು ಚಾಕರಿ ಮಾಡುತ್ತಿರುವ ಸರ್ಕಾರದ ಮೇಲೆಯೇ, 55ನೇ ವಯಸ್ಸಿನಲ್ಲಿ. ಬಡ್ತಿಯನ್ನಷ್ಟೇ ಕೇಳಿ ಸುಮ್ಮನಾಗಬಹುದಿತ್ತು. ಅವರು ಆ ಮದುವೆಯ ನಿಯಮಗಳನ್ನೂ ಅರ್ಜಿಯೊಳಗೆ ಎಳೆದರು. ಸಂದರ್ಶನದ ದಿನದಿಂದ ಹೆಣ್ಣೆಂಬ ಕಾರಣಕ್ಕೆ ಏನೇನು ಅನುಭವಿಸಿದೆನೆಂದು ಬರೆದುಕೊಟ್ಟರು. ಅವರು ಮದುವೆಯಾದವರಲ್ಲ. ಆ ನಿಯಮ ಹೋದರೂ ಇದ್ದರೂ ಅವರ ಬದುಕಿನಲ್ಲಿ ಇನ್ನು ಬದಲಾಗುವುದೇನೂ ಇರಲಿಲ್ಲ. ಹಿಂದೆ ಬರುವ ಹುಡುಗಿಯರ ದಾರಿಯ ಮುಳ್ಳನ್ನು ಕಿತ್ತರು. ಇದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು, ನೆದರ್ಲೆಂಡ್ಸಿಗೆ ರಾಯಭಾರಿ ಎಂದಿತು. ಕೆಲವೇ ತಿಂಗಳ ಹಿಂದೆ ಇಲ್ಲದ ಅರ್ಹತೆ ಈಗ ಕಂಡಿತ್ತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪು ಬರೆದರು. ಬಡ್ತಿ ಸಿಕ್ಕಿದ್ದರಿಂದ ಅರ್ಜಿಯನ್ನು ವಜಾ ಮಾಡುತ್ತೇವೆ, ಸಮಸ್ಯೆಯನ್ನಲ್ಲ ಎಂದರು. ಕಿರಿಯರು ಮೇಲೆ ಹೋದದ್ದರಿಂದ ಕಳೆದುಹೋದ ಜ್ಯೇಷ್ಠತೆಯನ್ನು ಮತ್ತೆ ಪರಿಶೀಲಿಸಿ ಎಂದರು. 18(4)ನ್ನು 1973ರಲ್ಲೇ ತೆಗೆದಿದ್ದೇವೆ, 8(2)ನ್ನು ತೆಗೆಯುತ್ತಿದ್ದೇವೆ ಎಂದು ಸರ್ಕಾರ ಒಪ್ಪಿಕೊಂಡಿತು. ಎಲ್ಲ ಸೇವಾ ನಿಯಮಗಳಲ್ಲೂ ಈ ಕಳೆ ಕೀಳಬೇಕೆಂಬುದು ನ್ಯಾಯಾಲಯದ ಆಶಯವಾಗಿತ್ತು.

ಆ ತೀರ್ಪಿನ ದಿನ ಯಾವುದು ಗೊತ್ತೇ? 1979ರ ಸೆಪ್ಟೆಂಬರ್ 17. ಸೆಪ್ಟೆಂಬರ್ 17! ಪ್ರತಿ ವರ್ಷ ನಾವು ಕಲ್ಯಾಣ ಕರ್ನಾಟಕ ಉತ್ಸವ ಮಾಡುವ ದಿನ. 1948ರಲ್ಲಿ ನಿಜಾಮ ಶರಣಾದ ದಿನವೆಂದು ಧ್ವಜ ಹಾರಿಸಿ, ಪಟೇಲರ ಪ್ರತಿಮೆಗೆ ಮಾಲೆ ಹಾಕುವ ದಿನ. ನೌಕರಿಯಲ್ಲಿದ್ದಷ್ಟು ವರ್ಷವೂ ಆ ದಿನದ ಬಂದೋಬಸ್ತಿನ ಪಟ್ಟಿ, ಶಾಮಿಯಾನದ ಬಿಲ್ಲು, ಆಹ್ವಾನ ಪತ್ರಿಕೆ ಎಲ್ಲ ನನ್ನ ಕೈಯಿಂದ ಹಾದುಹೋಗಿವೆ. ಅದೇ ತಾರೀಖಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೂ ಒಂದು ಬಿಡುಗಡೆ ಆಗಿತ್ತೆಂದು ನನಗೆ ಗೊತ್ತಾದದ್ದು ನಿವೃತ್ತಿಯ ನಂತರ, ಮೇಲಿನ ಕೋಣೆಯ ಆ ಹುಡುಗಿ ತನ್ನ ಸಂವಿಧಾನದ ನೋಟ್ಸು ತೋರಿಸಿದಾಗ.

ಈಗ ನನ್ನ ಮಾತಿಗೆ ಬರುತ್ತೇನೆ. ಆ ನಿಯಮ ಗೆಜೆಟ್ಟಿನಿಂದ ಹೋಯಿತು, ನಿಜ. ಆದರೆ ಅದನ್ನು ನಾವು ನಮ್ಮ ಮನೆಗೆ ತಂದಿಟ್ಟುಕೊಂಡಿದ್ದೇವೆ. ಸರ್ಕಾರ ಮುಚ್ಚಳಿಕೆ ಕೇಳುವುದು ಬಿಟ್ಟಿತು. ಬೀಗರು ಕೇಳುತ್ತಾರೆ, ನಾವು ಬರೆದುಕೊಡುತ್ತೇವೆ.

ನನ್ನದೇ ಹೇಳುತ್ತೇನೆ. ಎಂಬತ್ತರ ದಶಕದಲ್ಲಿ ಬಿ.ಎ. ಮುಗಿಸಿ ಕೆಎಎಸ್ ಪೂರ್ವಭಾವಿ ಪರೀಕ್ಷೆ ಪಾಸಾಗಿದ್ದೆ. ಅಪ್ಪನಿಗೆ ಹೆಮ್ಮೆಯಿತ್ತು, ಸುಳ್ಳಲ್ಲ. ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಿದ್ದರು. ಮುಖ್ಯ ಪರೀಕ್ಷೆಗೆ ಓದುತ್ತಿರುವಾಗ ಕನ್ಯಾ ನೋಡಲು ಬಂದರು. ಶಿರಾ, ಉಪ್ಪಿಟ್ಟು ಆದ ಮೇಲೆ ವರನ ಕಾಕಾ ಕೇಳಿದರು: "ಆಫೀಸರ್ ಆದ್ರ ಎಲ್ಲೆಲ್ಲಿ ವರ್ಗಾ ಆಗ್ತದ್ರಿ? ಮನಿ ಯಾರು ನೋಡ್ಬೇಕು?" ಅಪ್ಪ ಒಳಗೆ ನನ್ನ ಕಡೆ ನೋಡಲೂ ಇಲ್ಲ. "ಪರೀಕ್ಷಾ ಬರ್ಸೋದಿಲ್ಲ ಬಿಡ್ರಿ" ಎಂದುಬಿಟ್ಟರು. ಅಷ್ಟೇ. ಅದೇ ನನ್ನ ನಿಯಮ 8(2). ಮುಂದೆ ಗುಮಾಸ್ತೆಯ ನೌಕರಿ ಬಂದಾಗ ಮನೆಯವರು ಒಪ್ಪಿದರು, ಯಾಕೆಂದರೆ ಅದು ಊರಲ್ಲೇ ಇತ್ತು, ಸಂಜೆ ಆರಕ್ಕೆ ರೊಟ್ಟಿ ಬಡಿಯಲು ಬರಬಹುದಿತ್ತು. ಅಪ್ಪ ತೀರಿಕೊಳ್ಳುವ ಮುಂಚೆ ಒಂದು ಸಲ ಕೇಳಿದರು, "ಆ ಪರೀಕ್ಷಾ ಬರ್ದಿದ್ರ ಪಾಸ್ ಆಗ್ತಿದ್ಯೇನವ್ವಾ?" ಏನು ಹೇಳಲಿ? "ಗೊತ್ತಿಲ್ಲಪ್ಪಾ" ಅಂದೆ. ಇವತ್ತಿಗೂ ಗೊತ್ತಿಲ್ಲ. ಫೇಲಾಗಿದ್ದರೆ ಫೇಲಾದೆ ಎಂದಾದರೂ ಗೊತ್ತಿರುತ್ತಿತ್ತು. ತಂದೆ-ತಾಯಿಗಳೇ, ನಿಮ್ಮ ಮಗಳಿಗೆ ಈ ಗೊತ್ತಿಲ್ಲದಿರುವಿಕೆಯನ್ನು ಉಡಿ ತುಂಬಿ ಕಳಿಸಬೇಡಿ.

ನೀವು ಹೇಳುವುದು ನನಗೆ ಗೊತ್ತು: ಎಷ್ಟು ವರ್ಷ ಅಂತ ಕಾಯೋದು? ಕೇಂದ್ರದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರಿಗೆ 32 ವರ್ಷದವರೆಗೆ 6 ಅವಕಾಶ ಇದೆ. ಹಿಂದುಳಿದ ವರ್ಗದವರಿಗೆ 35ರವರೆಗೆ 9. ಪರಿಶಿಷ್ಟರಿಗೆ 37ರವರೆಗೆ ಎಷ್ಟು ಸಲ ಬೇಕಾದರೂ. ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕವೇ ಇಲ್ಲ. ಮುಖ್ಯ ಪರೀಕ್ಷೆಯನ್ನು, ಸಂದರ್ಶನವನ್ನು ಕನ್ನಡದಲ್ಲೇ ಎದುರಿಸಬಹುದು. ದೆಹಲಿಯಲ್ಲಿ ಕೂತ ಸರ್ಕಾರ ನಿಮ್ಮ ಮಗಳಿಗೆ 6 ಸಲ ಕೊಡುತ್ತದೆ, ಹೆತ್ತ ನೀವು ಒಂದೇ ಸಲ ಕೊಡುತ್ತೀರಿ. ಅದೇ ಮನೆಯ ಮಗ ಧಾರವಾಡದಲ್ಲೋ ಬೆಂಗಳೂರಲ್ಲೋ ಕೋಣೆ ಮಾಡಿಕೊಂಡು ನಾಲ್ಕನೆಯ ಸಲ ಬರೆಯುತ್ತಿದ್ದರೆ "ಛಲ ಬಿಟ್ಟಿಲ್ಲ ನಮ್ ಹುಡುಗ" ಅನ್ನುತ್ತೀರಿ. ಮಗಳು ಎರಡನೆಯ ಸಲ ಕೂತರೆ "ವಯಸ್ಸು ಮೀರ್ಲಿಕತ್ತದ."

ನಮ್ಮ ಭಾಗಕ್ಕೆ ಇದು ಇನ್ನೂ ಹೆಚ್ಚು ನೋವಿನ ಮಾತು. ನಮ್ಮ ಪ್ರದೇಶಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬರಲಿ ಎಂದು ಎಷ್ಟು ವರ್ಷ ಬೀದಿಗಿಳಿದೆವು! ಅದು ಬಂದ ಮೇಲೆ ನಮ್ಮ ಪ್ರದೇಶದ ಸ್ಥಳೀಯ ಹುದ್ದೆಗಳಲ್ಲಿ ದೊಡ್ಡ ಪಾಲು ನಮ್ಮ ಮಕ್ಕಳಿಗೇ ಮೀಸಲಾಯಿತು, ರಾಜ್ಯಮಟ್ಟದ ಹುದ್ದೆಗಳಲ್ಲೂ 8 ಪ್ರತಿಶತ ಪಾಲು ಸಿಕ್ಕಿತು. ಮೇಲಿಂದ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಹೆಣ್ಣುಮಕ್ಕಳಿಗೆ 33 ಪ್ರತಿಶತ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆಳಂದ, ಜೇವರ್ಗಿ, ಸೇಡಂ, ಚಿಂಚೋಳಿಯಿಂದ ಹುಡುಗಿಯರು ಬೆಳಿಗ್ಗೆಯೇ ಬಂದು ಗ್ರಂಥಾಲಯದಲ್ಲಿ ಜಾಗ ಹಿಡಿಯುತ್ತಾರೆ, ಡಬ್ಬಿ ಬಿಚ್ಚಿ ರೊಟ್ಟಿ-ಪುಂಡಿಪಲ್ಲೆ ಹಂಚಿಕೊಂಡು ತಿನ್ನುತ್ತಾರೆ. ಎಲ್ಲ ಬಾಗಿಲೂ ತೆಗೆದಿವೆ. ಮನೆಯದೊಂದು ಬಿಟ್ಟು.

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಓದು ಬಲ್ಲ ಹೆಣ್ಣುಮಕ್ಕಳು ನೂರಕ್ಕೆ 68. ಕಲಬುರಗಿ ಜಿಲ್ಲೆಯಲ್ಲಿ 55. ಯಾದಗಿರಿಯಲ್ಲಿ 41. ಇಂಥ ನೆಲದಲ್ಲಿ ಒಬ್ಬ ಹುಡುಗಿ ಪದವಿ ಮುಗಿಸಿ, ಕೆಎಎಸ್‌ಗೆ ಓದುವ ತನಕ ಬಂದಿದ್ದಾಳೆಂದರೆ ಅವಳು ಎಷ್ಟು ಹೊಳೆ ಈಜಿ ಬಂದಿರಬೇಕು ಯೋಚಿಸಿ. ದಡ ಕಾಣುವಾಗ ಕೈ ಹಿಡಿದು ಹಿಂದಕ್ಕೆ ಎಳೆಯುತ್ತೇವಲ್ಲ.

ಅಧಿಕಾರಿಯಾದರೆ ಸಂಸಾರ ಕೆಡುತ್ತದೆ ಎನ್ನುವ ಭಯವೂ ನಿಮಗಿದೆ. 2024ರ ಜುಲೈ ಕೊನೆಯ ದಿನ ಬೆಂಗಳೂರಿನ ವಿಧಾನಸೌಧದಲ್ಲಿ ಏನಾಯಿತು ನೆನಪಿಸಿಕೊಳ್ಳಿ. ರಾಜ್ಯದ ಮುಖ್ಯ ಕಾರ್ಯದರ್ಶಿ ರಜನೀಶ್ ಗೋಯಲ್ ನಿವೃತ್ತರಾದರು, ಅವರಿಂದ ಅಧಿಕಾರ ವಹಿಸಿಕೊಂಡದ್ದು ಅವರ ಪತ್ನಿ ಶಾಲಿನಿ ರಜನೀಶ್. ಗಂಡ ಎದ್ದ ಕುರ್ಚಿಯಲ್ಲಿ ಹೆಂಡತಿ ಕೂತರು, ಗಂಡ ಪಕ್ಕದಲ್ಲಿ ನಿಂತು ನಗುತ್ತಿದ್ದರು. ಅದಕ್ಕೂ ಮುಂಚೆ ತೆರೇಸಾ ಭಟ್ಟಾಚಾರ್ಯ, ಮಾಲತಿ ದಾಸ್, ರತ್ನಪ್ರಭಾ, ವಂದಿತಾ ಶರ್ಮಾ ಆ ಕುರ್ಚಿಯಲ್ಲಿ ಕೂತಿದ್ದರು. 2017ರ ಕೊನೆಗೆ ರತ್ನಪ್ರಭಾ ಮುಖ್ಯ ಕಾರ್ಯದರ್ಶಿ, ನೀಲಮಣಿ ರಾಜು ಪೊಲೀಸ್ ಮಹಾನಿರ್ದೇಶಕಿ. ರಾಜ್ಯದ ಆಡಳಿತ, ಪೊಲೀಸ್ ಎರಡರ ಚುಕ್ಕಾಣಿಯೂ ಹೆಣ್ಣುಮಕ್ಕಳ ಕೈಯಲ್ಲಿತ್ತು. ಮದುವೆಯಾದವರೇ, ಮನೆ ನಡೆಸಿದವರೇ. ಹಳೆಯ ಮುಚ್ಚಳಿಕೆ ಇದ್ದಿದ್ದರೆ ಇವರಲ್ಲಿ ಎಷ್ಟು ಮಂದಿ ಅಲ್ಲಿಯ ತನಕ ಬರುತ್ತಿದ್ದರು?

ನಮ್ಮ ಕಚೇರಿಯಲ್ಲಿ ಒಬ್ಬ ಹಳೆಯ ಜವಾನರಿದ್ದರು. ಮೊದಲ ಸಲ ಹೆಣ್ಣುಮಗಳು ಸಹಾಯಕ ಆಯುಕ್ತೆಯಾಗಿ ಬಂದಾಗ "ಸಾಹೇಬ್ರು ಬಂದ್ರು" ಎಂದೇ ಕೂಗುತ್ತಿದ್ದರು. ಆ ಕುರ್ಚಿಯಲ್ಲಿ ಕೂತ ಹೆಂಗಸನ್ನು ಕರೆಯಲು ಅವರ ಹತ್ತಿರ ಬೇರೆ ಶಬ್ದವೇ ಇರಲಿಲ್ಲ. ಆದರೆ ವಾರದೊಳಗೆ ಹಳ್ಳಿಯ ಮುದುಕಿಯರು ಪಿಂಚಣಿಯ ಕಾಗದ ಹಿಡಿದು, ಯಾರ ಕೈಗೂ ಕೊಡದೆ, ನೇರ ಒಳಗೆ ಹೋಗತೊಡಗಿದರು. "ಬಾಯಾರಿಗೆ ಹೇಳ್ತೀನಿ" ಎನ್ನುತ್ತಿದ್ದರು. ಅಷ್ಟು ವರ್ಷ ಆ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತೇ ಇದ್ದವರು. ಗಂಡಸು ಅಧಿಕಾರಿಗೆ ಹೇಳಲಾಗದ ಎಷ್ಟೋ ಮಾತು ಆ ಕೋಣೆಯಲ್ಲಿ ಹೊರಬಂದವು. ಟಿಪ್ಪಣಿ ಬರೆದವಳು ನಾನು, ಅದಕ್ಕೆ ಬಲ್ಲೆ. ನಿಮ್ಮ ಮಗಳನ್ನು ಮನೆಯಲ್ಲಿ ಕೂರಿಸಿದಾಗ ಯಾವುದೋ ಊರಿನ ಆ ಮುದುಕಿಯೂ ಬೆಂಚಿನ ಮೇಲೆಯೇ ಉಳಿಯುತ್ತಾಳೆ.

ಇಲ್ಲಿಂದ ಮುಂದಿನದು ಗಂಡುಮಕ್ಕಳ ತಂದೆ-ತಾಯಿಗಳಿಗೆ. ನಿಜ ಹೇಳಬೇಕೆಂದರೆ ನಿಮಗೇ ಹೆಚ್ಚು ಹೇಳಬೇಕಿದೆ, ಯಾಕೆಂದರೆ ಆ ಸಜ್ಜನ ತಂದೆ ತಾನಾಗಿ ಟ್ರಂಕು ಇಳಿಸಲು ಬಂದಿರಲಿಲ್ಲ. ನಿಮ್ಮಲ್ಲೊಬ್ಬರ ಮಾತಿಗೆ ಬಂದಿದ್ದರು. ಸುಪ್ರೀಂ ಕೋರ್ಟು ಆ ತೀರ್ಪಿನಲ್ಲಿ ಸರ್ಕಾರಕ್ಕೆ ಹೇಳಿದ್ದು ಸರಳವಾದ ಮಾತು: ಸಂಸಾರದ ಹೊಣೆ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕೆಲಸಕ್ಕೂ ಆಗಬಹುದಲ್ಲ? ಈ ಪ್ರಶ್ನೆ ನಿಮ್ಮ ಪಡಸಾಲೆಯಲ್ಲೂ ಕೇಳಿಕೊಳ್ಳಿ. ಕನ್ಯಾ ನೋಡಲು ಹೋದಾಗ "ನೌಕ್ರಿ ಬಿಡ್ತಾಳೇನ್ರಿ" ಎಂದು ಕೇಳುವ ಮುಂಚೆ, ನಿಮ್ಮ ಮಗನ ಬಗ್ಗೆ ಅದೇ ಮಾತು ಯಾರಾದರೂ ಕೇಳಿದರೆ ಹೇಗಿರುತ್ತದೆ ನೋಡಿ. ಅವಳಿಗೆ ಯಾದಗಿರಿಗೋ ಬೀದರಿಗೋ ವರ್ಗಾವಣೆಯಾದರೆ ನಿಮ್ಮ ಮಗ ನಾಲ್ಕು ರೊಟ್ಟಿ ಬಡಿದುಕೊಳ್ಳಲಿ. ಕಲಿಯಲು ಅದೇನು ಐಎಎಸ್‌ಗಿಂತ ಕಷ್ಟದ್ದಲ್ಲ.

ನಾವು ಕಲ್ಯಾಣದ ಮಂದಿ. ಬಸವಕಲ್ಯಾಣ ನಮ್ಮ ಬೀದರ ಜಿಲ್ಲೆಯಲ್ಲೇ ಇದೆ. ಉಡುತಡಿಯಿಂದ ಒಬ್ಬಳೇ ನಡೆದು ಬಂದ ಅಕ್ಕಮಹಾದೇವಿಯನ್ನು ಅನುಭವ ಮಂಟಪದ ಬಾಗಿಲಲ್ಲಿ ಅಲ್ಲಮಪ್ರಭು ತಡೆದು, ನಿನ್ನ ಗಂಡ ಯಾರೆಂದು ಕೇಳಿದನೆಂದು ಶರಣರ ಕಥನದಲ್ಲಿ ಬರುತ್ತದೆ. ಸಣ್ಣವಳಿದ್ದಾಗ ಪುರಾಣ ಕೇಳುತ್ತ ಆ ಭಾಗ ಬಂದಾಗ ನನಗೆ ಸಿಟ್ಟು ಬರುತ್ತಿತ್ತು. ಈಗ ಮುತ್ತಮ್ಮನ ಸಂದರ್ಶನ ಓದುವಾಗ ಅದೇ ಬಾಗಿಲು ಕಾಣುತ್ತದೆ. ಆದರೆ ಕಲ್ಯಾಣದವರು ಉತ್ತರ ಕೇಳಿದ ಮೇಲೆ ದಾರಿ ಬಿಟ್ಟರು, ತಲೆಬಾಗಿದರು, ಅಕ್ಕ ಎಂದು ಕರೆದರು. ಅವರ ಮಕ್ಕಳು ನಾವು.

ಮುತ್ತಮ್ಮ 1982ರಲ್ಲಿ ನಿವೃತ್ತರಾದರು. 2009ರ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಬರುವ ಸೆಪ್ಟೆಂಬರ್ 17ಕ್ಕೆ ನೀವು ಧ್ವಜ ನೋಡಲು ಹೋದಾಗ ಮಗಳನ್ನೂ ಕರೆದುಕೊಂಡು ಹೋಗಿ, ಈ ಹೆಸರನ್ನೂ ಅವಳಿಗೆ ಹೇಳಿ. ಇಷ್ಟನ್ನು ಮಾಡಲು ಯಾರ ಅನುಮತಿಯೂ ಬೇಡ.

ಕೊನೆಗೆ, ತೊಗರಿಬೇಳೆ ತಂದುಕೊಟ್ಟ ಆ ಅಣ್ಣನವರಿಗೆ. ನಿಮ್ಮ ಹೆಸರು, ಊರು ಎಲ್ಲೂ ಬರೆದಿಲ್ಲ. ಇದನ್ನು ಬರೆಯುತ್ತೇನೆಂದು ನಿಮ್ಮ ಮಗಳಿಗೆ ಹೇಳಿದ್ದೇನೆ, ಓದಿಸಿದ್ದೇನೆ. ಅವಳು ಒಂದು ಸಾಲು ತೆಗೆಸಿದಳು, ನಿಮಗೆ ನೋವಾಗುತ್ತದೆಂದು. ನಸುಕಿನ ನಾಲ್ಕೂವರೆಗೆ ಮೇಲಿನ ಕೋಣೆಯ ದೀಪ ಹತ್ತುತ್ತದೆ, ಟ್ರಂಕು ಕೆಳಗಿಳಿದ ಮರುದಿನವೂ ಹತ್ತಿತ್ತು. ಕೋಣೆಯ ಬಾಡಿಗೆ ಭಾರವಾಗುವುದಾದರೆ ಮುಂದಿನ ಎರಡು ವರ್ಷ ನನಗೆ ಬಾಡಿಗೆ ಬೇಡ. ಬೀಗರ ಜೊತೆ ಮಾತಾಡಲು ದೊಡ್ಡವರು ಯಾರಾದರೂ ಬೇಕಿದ್ದರೆ ನಾನು ಬರುತ್ತೇನೆ, ನನ್ನ ಯಜಮಾನರೂ ಬರುತ್ತಾರೆ. ದಸರಾ ಆದ ಮೇಲೆ ನೀವು ಬರುತ್ತೀರಿ. ಬಂದಾಗ ಒಂದು ಕೈ ಹಿಡಿಯಿರಿ, ಟ್ರಂಕು ಭಾರವಿದೆ. ಇಬ್ಬರೂ ಸೇರಿ ಮೇಲಕ್ಕೆ ಹತ್ತಿಸೋಣ.

ಇಂತಿ ನಿಮ್ಮ ಸಹೋದರಿ,
ನಿವೃತ್ತ ಶಿರಸ್ತೇದಾರಳೊಬ್ಬಳು
ಕಲಬುರಗಿ